ಸೊಂಟ ನೋವಿಗೆ ಮಲಗುವುದೇ ಮದ್ದೇ?

ಭಾರ ಎತ್ತಿದಾಗ ಸೊಂಟ ಹಿಡಿದುಕೊಳ್ಳುತ್ತದೆ. "ಅಲ್ಲಾಡಬೇಡ, ಮಲಗು" ಅಂತೀವಿ ನಾವು. ಮಲಗಿದರೆ ಕೂಲಿ ಹೋಗುತ್ತದೆ. ನೋವಾದರೂ ಹೋಗುತ್ತದೆಯೇ?

ದೂರದ ಫಿನ್ಲೆಂಡ್ ದೇಶದಲ್ಲಿ ಆಂಟಿ ಮಾಲ್ಮಿವಾರಾ ಎಂಬ ವೈದ್ಯರು ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಹೆಲ್ಸಿಂಕಿ ನಗರಾಡಳಿತದ 186 ನೌಕರರಿಗೆ ಸೊಂಟ ನೋವಿತ್ತು. ಅವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಎರಡು ದಿನ ಮಲಗಿತು. ಇನ್ನೊಂದು ಗುಂಪು ವ್ಯಾಯಾಮ ಮಾಡಿತು. ಮೂರನೆಯ ಗುಂಪು ಆದಷ್ಟು ದಿನದ ಕೆಲಸ ಮಾಡಿಕೊಂಡಿತ್ತು.

ಯಾರು ಬೇಗ ಸುಧಾರಿಸಿದರು? ಕೆಲಸ ಮಾಡಿಕೊಂಡಿದ್ದವರು! ಮಲಗಿದವರದ್ದೇ ಎಲ್ಲಕ್ಕಿಂತ ನಿಧಾನ. ಇದು 1995ರಲ್ಲಿ ಪ್ರಕಟವಾಯಿತು.

ಮಲಗಿಯೇ ಇದ್ದರೆ ಮೈ ಬಿಗಿಯುತ್ತದೆ, ಬಲ ಕುಗ್ಗುತ್ತದೆ. ಆದ್ದರಿಂದ ಆದಷ್ಟು ಓಡಾಡೋಣ. ಭಾರ ಎತ್ತುವುದು ಸ್ವಲ್ಪ ದಿನ ಬೇಡ.

ಆದರೆ ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಬಿದ್ದು ಪೆಟ್ಟಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗೋಣ.