ಆರು ತಂತಿಗಳ ಒಗಟು

ಪರಿಚಯದವರೊಬ್ಬರ ಮನೆಯ ಅಟ್ಟದಿಂದ ಇಳಿದು ನನ್ನ ಮೇಜಿಗೆ ಬಂದ ಬೂದು ಬಣ್ಣದ ಪ್ಲೇಸ್ಟೇಷನ್ ಅದು. ತಳದ ಸ್ಕ್ರೂಗಳನ್ನು ಬಿಚ್ಚಿ ಮೇಲಿನ ಹೊದಿಕೆ ಎತ್ತಿದರೆ ಒಳಗೊಬ್ಬ ಕರೆಯದ ನೆಂಟ. ಕಡಲೆಬೀಜದಷ್ಟು ದೊಡ್ಡ, ಎಂಟು ಕಾಲಿನ ಚಿಪ್ ಸತ್ತ ಜಿರಲೆಯ ಹಾಗೆ ಅಂಗಾತ ಬಿದ್ದಿತ್ತು. ಅದರ ಕಾಲುಗಳಿಂದ ಕೂದಲೆಳೆಯಂಥ ಆರು ತಂತಿಗಳು ಬೋರ್ಡಿನ ಆರು ದಿಕ್ಕಿಗೆ ಹೊರಟಿದ್ದವು. ಎಲ್ಲವೂ ನೀಲಿ. ಗೋಂದು ಬಿಡಿಸಿ ಚಿಪ್ಪನ್ನು ಮಗುಚಿ ನೋಡಿದೆ. ಬೆನ್ನ ಮೇಲಿನ ಹೆಸರನ್ನು ಯಾರೋ ಮರಳು ಕಾಗದದಿಂದ ಉಜ್ಜಿ ಅಳಿಸಿದ್ದರು.

ಇದಕ್ಕೆ ಮಾಡ್‌ಚಿಪ್ ಎಂದು ಹೆಸರು. ನಮ್ಮಲ್ಲಿ ‘ಚಿಪ್ ಹಾಕಿಸಿದ ಸೆಟ್ಟು’ ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಹೆಸರು ಉಜ್ಜಿದವನ ಉದ್ದೇಶವೂ ಸ್ಪಷ್ಟ: ಪಕ್ಕದ ಅಂಗಡಿಯವನು ನಕಲು ಮಾಡಬಾರದು. ನಕಲು ಡಿಸ್ಕ್ ಓಡಿಸಲು ಹುಟ್ಟಿದ ವಸ್ತುವಿಗೆ ತನ್ನ ನಕಲಿನ ಭಯ! ಒಳಗಿನ ಪ್ರೋಗ್ರಾಮನ್ನು ಓದೋಣವೆಂದರೆ ಅದಕ್ಕೂ ಬೀಗ. ಉಳಿಯುವುದು ತಂತಿಗಳು ಮಾತ್ರ. ಅವನ್ನು ಉಜ್ಜಿ ಅಳಿಸಲು ಬರುವುದಿಲ್ಲ. ಪ್ರತಿಯೊಂದೂ ಎಲ್ಲೋ ಒಂದು ಕಡೆ ಮುಟ್ಟಲೇಬೇಕು, ಮುಟ್ಟಿದ ಜಾಗವೇ ಅದರ ಕೆಲಸವನ್ನು ಹೇಳಿಬಿಡುತ್ತದೆ. ಇಂಥ ಚಿಪ್ಪಿನ ಗುಟ್ಟು ಬಿಡಿಸುವ ಕಸುಬು ನಿಂತಿರುವುದು ಆ ಓದಿನ ಮೇಲೆ.

ಓದುವ ಮೊದಲು, ಈ ಚಿಪ್ ತೆರೆಯುವ ಪ್ಲೇಸ್ಟೇಷನ್ನಿನ ಬೀಗ ಏನೆಂದು ತಿಳಿದಿರಬೇಕು. ಸೋನಿ ಕಂಪನಿ ಪ್ಲೇಸ್ಟೇಷನ್ನನ್ನು 1994ರ ಡಿಸೆಂಬರ್ 3ರಂದು ಜಪಾನಿನಲ್ಲಿ ಬಿಡುಗಡೆ ಮಾಡಿತು. ಅದರ ಡಿಸ್ಕುಗಳ ತಳ ಕಪ್ಪು. ರಹಸ್ಯ ಆ ಕಪ್ಪಿನಲ್ಲೇ ಇದೆ ಎಂದು ಬಹಳ ಮಂದಿ ನಂಬಿದ್ದರು. ಅದು ಬರೀ ಬಣ್ಣ. ಲೇಸರ್ ಕಿರಣಕ್ಕೆ ಕಪ್ಪೂ ಒಂದೇ ಬಿಳಿಯೂ ಒಂದೇ. ನಿಜವಾದ ಗುರುತು ಇದ್ದದ್ದು ಡಿಸ್ಕಿನ ಒಳ ಅಂಚಿನಲ್ಲಿ. ಅಲ್ಲಿ ಸುರುಳಿ ಜಾಡು ನೆಟ್ಟಗೆ ಸಾಗದೆ ಸೆಕೆಂಡಿಗೆ 22,050 ಸಲ ಅತ್ತಿತ್ತ ತುಯ್ಯುತ್ತದೆ. ಆ ತುಯ್ದಾಟವನ್ನು ಇರಿಸಿ, ತೆಗೆದು ನಾಲ್ಕು ಅಕ್ಷರ ಬರೆದಿದ್ದರು: ಜಪಾನಿನ ಡಿಸ್ಕಿಗೆ ಎಸ್‌ಸಿಇಐ, ಅಮೆರಿಕದ್ದಕ್ಕೆ ಎಸ್‌ಸಿಇಎ, ಯುರೋಪಿನದ್ದಕ್ಕೆ ಎಸ್‌ಸಿಇಇ. ತನ್ನ ಸೀಮೆಯ ಅಕ್ಷರ ಕೇಳಿಸಿದರೆ ಮಾತ್ರ ಯಂತ್ರ ಆಟ ಶುರು ಮಾಡುತ್ತದೆ. ಮನೆಯ ಸಿ.ಡಿ. ರೈಟರಿಗೆ ಇದನ್ನು ಬರೆಯಲಾಗದು. ಖಾಲಿ ಸಿ.ಡಿ.ಯಲ್ಲಿ ಕಾರ್ಖಾನೆಯವರೇ ಕೊರೆದಿಟ್ಟ ಜಾಡು ಇರುತ್ತದೆ, ರೈಟರ್ ಅದರ ಹಿಂದೆ ಹೋಗಬಲ್ಲದು, ಅಷ್ಟೇ.

ಚಿಪ್ ಬರುವ ಮೊದಲು ಹುಡುಗರು ಕೈಚಳಕದಿಂದ ಕೆಲಸ ಸಾಧಿಸುತ್ತಿದ್ದರು. ಮುಚ್ಚಳದ ಸ್ವಿಚ್ಚಿಗೆ ಪೆನ್ನಿನ ಸ್ಪ್ರಿಂಗ್ ತುರುಕಿ, ಅಸಲಿ ಡಿಸ್ಕ್ ಹಾಕಿ, ಪರೀಕ್ಷೆ ಮುಗಿದ ಗಳಿಗೆಯಲ್ಲೇ ಅದನ್ನು ಕಿತ್ತು ನಕಲು ಇಡುವುದು. ಚಿಪ್ ಅದನ್ನು ಸುಲಭ ಮಾಡಿತು. ಡಿಸ್ಕಿನ ಗುರುತು ಓದುವ ಹಾದಿಯಲ್ಲಿ ನಡುವೆ ಕೂತು, ಮೂರು ಸೀಮೆಯ ಅಕ್ಷರಗಳನ್ನೂ ಒಂದಾದ ಮೇಲೊಂದು ತಾನೇ ಕೂಗುತ್ತದೆ. ಇದಕ್ಕೆ ಹೆಚ್ಚಾಗಿ ಬಳಕೆಯಾದದ್ದು ಮೈಕ್ರೋಚಿಪ್ ಕಂಪನಿಯ ಪಿಕ್ 12ಸಿ508. ಅದರೊಳಗೆ ಹಿಡಿಯುವುದು 512 ಸೂಚನೆಗಳು. ಈ ಲೇಖನದ ಮೊದಲ ಪ್ಯಾರಾ ಕೂಡ ಅಷ್ಟು ಜಾಗದಲ್ಲಿ ಕೂರುವುದಿಲ್ಲ.

ಈಗ ಆರು ತಂತಿಗಳಿಗೆ ಬರೋಣ. ಬೇಕಾದದ್ದು ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗುವ ಸಾದಾ ಮಲ್ಟಿಮೀಟರ್. ಕರೆಂಟ್ ಕಿತ್ತು, ಮೀಟರನ್ನು ಬೀಪ್ ಹೊಡೆಯುವ ಕಡೆ ತಿರುಗಿಸಿ, ಒಂದು ಕಡ್ಡಿಯನ್ನು ಬೋರ್ಡಿನ ತಗಡಿಗೆ ಮುಟ್ಟಿಸಿ, ಇನ್ನೊಂದನ್ನು ಚಿಪ್ಪಿನ ಕಾಲುಗಳ ಮೇಲೆ ಸಾಲಾಗಿ ಆಡಿಸಿದೆ. ಎಂಟನೆಯ ಕಾಲಿಗೆ ಬೀಪ್ ಬಂತು. ಅದು ಗ್ರೌಂಡ್. ಒಂದನೆಯ ಕಾಲಿನ ತಂತಿ ವಿದ್ಯುತ್ ಒಳಬರುವ ಕನೆಕ್ಟರಿನ 3.5 ವೋಲ್ಟಿನ ಪಿನ್ನಿಗೆ ಹೋಗಿತ್ತು. ಒಂದರಲ್ಲಿ ವಿದ್ಯುತ್, ಎಂಟರಲ್ಲಿ ಗ್ರೌಂಡ್ ಎಂದರೆ 12ಸಿ508 ಕುಟುಂಬದ್ದೇ ಇರಬೇಕು. ಉಜ್ಜಿದ ಹೆಸರು ಅರ್ಧ ಓದಿದಂತಾಯಿತು. ಮೂರನೆಯ ತಂತಿ ರೀಸೆಟ್ ಗುಂಡಿಯ ಹಾದಿ ಹಿಡಿದಿತ್ತು. ನಾಲ್ಕನೆಯದಕ್ಕೆ ಕಡ್ಡಿ ಮುಟ್ಟಿಸಿಕೊಂಡೇ ಮುಚ್ಚಳದ ಪುಟ್ಟ ಸ್ವಿಚ್ಚನ್ನು ಬೆರಳಿನಿಂದ ಒತ್ತಿದೆ, ಬಿಟ್ಟೆ. ಒತ್ತಿ ಬಿಟ್ಟಾಗಲೆಲ್ಲ ಮೀಟರಿನ ಅಂಕಿ ಬದಲಾಯಿತು.

ಮುಚ್ಚಳ ತೆರೆದದ್ದು ಚಿಪ್ಪಿಗೇಕೆ ತಿಳಿಯಬೇಕು? ಆ ಒಂದು ತಂತಿಯಲ್ಲೇ ಒಂದು ಕಾಲಘಟ್ಟದ ಜಗಳವಿದೆ. ಮೊದಮೊದಲ ಚಿಪ್‌ಗಳು ಯಂತ್ರ ಆರುವವರೆಗೂ ಬಿಡುವಿಲ್ಲದೆ ಕೂಗುತ್ತಿದ್ದವು. ಆಟ ಮಾಡುವವರು ಇದನ್ನು ಹಿಡಿದುಕೊಂಡರು. ಗುರುತು ಇರಲೇಬಾರದ ಜಾಗದಲ್ಲೂ ಅಕ್ಷರ ಕೇಳಿಸಿದರೆ ಒಳಗೆ ಕಳ್ಳನಿದ್ದಾನೆ ಎಂದೇ ಅರ್ಥ. ಆಟ ಅಲ್ಲೇ ನಿಲ್ಲುತ್ತದೆ. 1999ರ ಡೈನೋ ಕ್ರೈಸಿಸ್‌ನಲ್ಲಿ ಇಂಥ ಕಾವಲಿತ್ತು. ಅದಕ್ಕೆ ಉತ್ತರವಾಗಿ ಬಂದ ಚಿಪ್‌ಗಳು ಆಟ ಶುರುವಾದೊಡನೆ ಬಾಯಿ ಮುಚ್ಚಿಕೊಂಡವು. ಎರಡನೆಯ ಡಿಸ್ಕ್ ಹಾಕಲು ಮುಚ್ಚಳ ತೆರೆದಾಗ ಮತ್ತೆ ಎಚ್ಚರಗೊಳ್ಳಬೇಕಲ್ಲ, ಅದಕ್ಕೇ ಆ ನಾಲ್ಕನೆಯ ತಂತಿ. ಅಂದರೆ ನನ್ನ ಮುಂದಿದ್ದದ್ದು ಹೊಸ ತಲೆಮಾರಿನ ಚಿಪ್ ಎಂದು ಪ್ರೋಗ್ರಾಮಿನ ಒಂದು ಸಾಲೂ ನೋಡದೆ ಗೊತ್ತಾಯಿತು.

ಉಳಿದ ಎರಡು ತಂತಿಗಳು ಡಿಸ್ಕ್ ನಿಯಂತ್ರಿಸುವ ಚಿಪ್‌ಗಳ ಬಳಿ ಅಕ್ಕಪಕ್ಕ ಇಳಿದಿದ್ದವು. ಒಂದು ಅಕ್ಷರ ಕೂಗುವುದು, ಇನ್ನೊಂದು ಡಿಸ್ಕಿನಿಂದ ಬರುವ ನಿಜದ ಸಂಕೇತದ ಬಾಯಿ ಒತ್ತಿ ಹಿಡಿಯುವುದು. ಯಾವುದು ಯಾವುದು ಎಂದು ಮೀಟರ್ ಹೇಳದು. ಇಲ್ಲಿ ಆಸಿಲೋಸ್ಕೋಪ್ ಬೇಕು. ಯಂತ್ರ ಚಾಲೂ ಮಾಡಿದಾಗ ಒಂದು ತಂತಿ ಸುಮ್ಮನೆ ಕೆಳಗೆ ಮಲಗಿತ್ತು, ಇನ್ನೊಂದು ಏರುತ್ತ ಇಳಿಯುತ್ತ ಮೆಟ್ಟಿಲು ಕಟ್ಟಿತು. ಒಂದೊಂದು ಮೆಟ್ಟಿಲಿಗೆ 4 ಮಿಲಿಸೆಕೆಂಡ್. ಅಕ್ಷರಕ್ಕೆ 11 ಬಿಟ್, ನಾಲ್ಕು ಅಕ್ಷರಕ್ಕೆ 44, ಒಟ್ಟು 176 ಮಿಲಿಸೆಕೆಂಡ್. ಪೆನ್ಸಿಲ್ ಹಿಡಿದು ಒಂದು, ಸೊನ್ನೆ ಎಂದು ಬರೆದುಕೊಂಡೆ. ಹಾಳೆಯ ಮೇಲೆ ಎಸ್, ಸಿ, ಇ ಮೂಡಿದಾಗ ಆದ ಖುಷಿಯನ್ನು ಶಾಸನ ಓದುವವರಿಗೆ ವಿವರಿಸಬೇಕಾಗಿಲ್ಲ.

ಬೇರೆ ಯಂತ್ರಗಳದ್ದು ಬೇರೆ ಕತೆ. ನಿಂಟೆಂಡೊದ ಹಳೆಯ ಎನ್‌ಇಎಸ್‌ಗೆ ತಂತಿಯೇ ಬೇಡ; ಯಂತ್ರದೊಳಗಿನ ಕಾವಲು ಚಿಪ್ಪಿನ ನಾಲ್ಕನೆಯ ಕಾಲು ಕತ್ತರಿಸಿದರೆ ಸಾಕು. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್‌ಗೆ ಮೊದಲು ಬಂದ ಚಿಪ್‌ಗಳಿಗೆ 29 ತಂತಿ ಬೆಸೆಯಬೇಕಿತ್ತು. ಆಮೇಲೆ ಬೋರ್ಡಿನಲ್ಲೇ ಬಿಟ್ಟಿದ್ದ ಒಂದು ಪರೀಕ್ಷಾ ಪೋರ್ಟ್ ಕಣ್ಣಿಗೆ ಬಿತ್ತು: ಡಿ0 ಎಂಬ ಒಂದು ಬಿಂದುವನ್ನು ಗ್ರೌಂಡಿಗೆ ಮುಟ್ಟಿಸಿದರೆ ಯಂತ್ರವೇ ತನ್ನ ಮೊದಲ ಪಾಠವನ್ನು ಆ ಪೋರ್ಟಿನಲ್ಲಿ ಹುಡುಕುತ್ತದೆ. ಅದೇ ಎಕ್ಸ್‌ಬಾಕ್ಸ್‌ನ ಎರಡು ಚಿಪ್‌ಗಳ ನಡುವಿನ ಹಾದಿಗೆ ಕಿವಿಗೊಟ್ಟು ಅದರ ಗುಟ್ಟಿನ ಕೀಲಿಯನ್ನು ಹಿಡಿದವರು ಎಂಐಟಿಯಲ್ಲಿ ಓದುತ್ತಿದ್ದ ಆಂಡ್ರ್ಯೂ ಹುವಾಂಗ್, 2002ರಲ್ಲಿ. ಮರುವರ್ಷ ಅವರು ಅದರ ಬಗ್ಗೆ ಪುಸ್ತಕವನ್ನೇ ಬರೆದರು.

ಇದನ್ನೆಲ್ಲ ಪುಣ್ಯದ ಕೆಲಸವೆಂದು ಹೊಗಳುವ ಮನಸ್ಸು ನನಗಿಲ್ಲ. ಬೇರೆ ದೇಶದ ಅಸಲಿ ಆಟ ಆಡಲು ಚಿಪ್ ಹಾಕಿಸಿದವರು ಇದ್ದರು, ನಿಜ; ಕಳ್ಳ ಡಿಸ್ಕಿಗಾಗಿ ಹಾಕಿಸಿದವರು ಅವರಿಗಿಂತ ಬಹಳ ಹೆಚ್ಚು. ಕಾನೂನು ಕೂಡ ಒಂದೇ ಮಾತು ಆಡಿಲ್ಲ. ಆಸ್ಟ್ರೇಲಿಯಾದಲ್ಲಿ ಪ್ಲೇಸ್ಟೇಷನ್ ಚಿಪ್ ಮಾರಿದ ಎಡ್ಡಿ ಸ್ಟೀವನ್ಸ್ ವಿರುದ್ಧ ಸೋನಿ ದಾವೆ ಹೂಡಿತ್ತು. 2005ರ ಅಕ್ಟೋಬರಿನಲ್ಲಿ ಅಲ್ಲಿನ ಹೈಕೋರ್ಟ್, ಈ ಬೀಗ ನಕಲು ಮಾಡುವುದನ್ನು ತಡೆಯುವುದಿಲ್ಲ, ಆದ ನಕಲನ್ನು ಆಡುವುದನ್ನಷ್ಟೇ ತಡೆಯುತ್ತದೆ ಎಂದು ಸ್ಟೀವನ್ಸ್ ಪರ ತೀರ್ಪು ಕೊಟ್ಟಿತು. ಅಲ್ಲಿನ ಸರ್ಕಾರ ಮುಂದಿನ ವರ್ಷವೇ ಕಾಯ್ದೆ ತಿದ್ದಿತು. ನಮ್ಮಲ್ಲಿ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 65ಎ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ 2 ವರ್ಷದವರೆಗೆ ಸೆರೆ.

ನಿಮ್ಮ ಅಟ್ಟದಲ್ಲೂ ಅಂಥದೊಂದು ಡಬ್ಬಿ ಇದ್ದೀತು. ಬಿಚ್ಚುವುದಾದರೆ ಮೊದಲು ಪ್ಲಗ್ ಕೀಳಿ, ಒಳಗೆ ಒಂದು ಬದಿಯಲ್ಲಿ ಮನೆ ಕರೆಂಟ್ ನೇರ ಬರುವ ಬೋರ್ಡ್ ಇದೆ. ತಂತಿ ಕಂಡರೆ ಕತ್ತರಿ ಹಾಕುವ ಮೊದಲು ಒಂದು ಫೋಟೊ ತೆಗೆದಿಡಿ, ಬೋರ್ಡಿನ ಮೇಲೆ ಅಚ್ಚಾದ ‘ಪಿಯು’ ಎಂದು ಶುರುವಾಗುವ ಸಂಖ್ಯೆಯೂ ಅದರಲ್ಲಿ ಕಾಣುವಂತೆ. ತಂತಿ ಮುಟ್ಟುವ ಜಾಗ ಬೋರ್ಡಿನಿಂದ ಬೋರ್ಡಿಗೆ ಬೇರೆ.