ಸರ್ವಋತು ಟೈರುಗಳೂ ನಮ್ಮ ಎರೆನಾಡಿನ ರಸ್ತೆಗಳೂ

ಕಾರಿನ ಭಾರವೆಲ್ಲ ನೆಲವನ್ನು ಮುಟ್ಟುವುದು ನಾಲ್ಕು ಎಡೆಗಳಲ್ಲಿ ಮಾತ್ರ. ಆ ಒಂದೊಂದು ಎಡೆಯೂ ಸುಮಾರು ಮನುಷ್ಯನ ಅಂಗೈಯಷ್ಟೇ ವಿಸ್ತಾರವಾದುದು. ಗಾಡಿ ಮುಂದಕ್ಕೆ ಹೋಗುವುದು, ತಿರುವಿನಲ್ಲಿ ಹೊರಳುವುದು, ಅಡ್ಡಬಂದ ಎಮ್ಮೆಯ ಮುಂದೆ ಥಟ್ಟನೆ ನಿಲ್ಲುವುದು, ಎಲ್ಲವೂ ಈ ನಾಲ್ಕು ಅಂಗೈಗಳ ಹಿಡಿತವನ್ನೇ ಅವಲಂಬಿಸಿವೆ. ಆದುದರಿಂದ ಹಳೆಯ ಟೈರು ಸವೆದು ಹೊಸದನ್ನು ಕೊಳ್ಳುವ ಕಾಲ ಬಂದಾಗ ತುಸು ವಿಚಾರಮಾಡುವುದು ಯುಕ್ತ.

ಅಂಗಡಿಗಳಲ್ಲಿ ‘ಆಲ್ ಸೀಸನ್’, ಎಂದರೆ ಸರ್ವಋತು, ಎಂಬ ಹೆಸರಿನ ಟೈರುಗಳು ಕಣ್ಣಿಗೆ ಬೀಳುತ್ತವೆ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರಿನಿಂದ ಕಲಬುರಗಿಗೆ ಓಡಾಡುವ ಗೃಹಸ್ಥರಿಗೆ ಈ ಹೆಸರು ಹಿತವಾಗಿಯೇ ಕೇಳಿಸುತ್ತದೆ. ಬೇಸಗೆ, ಮಳೆ, ಚಳಿ ಮೂರಕ್ಕೂ ಒಂದೇ ಟೈರು ಸಾಕಾಗುವುದಾದರೆ ಯಾರಿಗೆ ಬೇಡ? ಆದರೆ ಇಲ್ಲಿ ಹೇಳಿರುವುದು ಯಾವ ನಾಡಿನ ಋತುಗಳನ್ನು ಎಂಬುದನ್ನು ಮೊದಲು ಕೇಳಬೇಕು.

ಈ ಹೆಸರು ಹುಟ್ಟಿದುದು ಹಿಮ ಬೀಳುವ ದೇಶಗಳಲ್ಲಿ. ಉತ್ತರ ಯೂರೋಪು, ಕೆನಡಾ ಮೊದಲಾದೆಡೆಗಳಲ್ಲಿ ಅನೇಕರು ಬೇಸಗೆಗೊಂದು, ಚಳಿಗೊಂದು ಎಂದು ಎರಡು ಸೆಟ್ಟು ಟೈರುಗಳನ್ನು ಇಟ್ಟುಕೊಳ್ಳುತ್ತಾರೆ. ಇದರ ಕಾರಣ ರಬ್ಬರಿನ ಸ್ವಭಾವದಲ್ಲಿದೆ. ರಬ್ಬರಿನ ಅಣುಗಳು ನೂಲಿನ ಎಳೆಗಳಂತೆ ನೀಳವಾದುವು. ಸುರುಳಿಗೊಂಡು ಒಂದರೊಳಗೊಂದು ಹೆಣೆದಿರುತ್ತವೆ. ಗಂಧಕವನ್ನು ಕೂಡಿಸಿ ಕಾಯಿಸಿದರೆ ಎಳೆಗಳ ನಡುವೆ ಅಲ್ಲಲ್ಲಿ ಬೆಸುಗೆ ಬೀಳುತ್ತದೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟು ಪಡೆದುದು ಈ ಕ್ರಮಕ್ಕೇ. ಎಳೆಗಳಿಗೆ ಅಲುಗಾಡಲು ಅವಕಾಶವಿರುವಷ್ಟು ಕಾಲ ರಬ್ಬರು ಮೆದುವಾಗಿದ್ದು ರಸ್ತೆಯ ಹರಳುಹರಳನ್ನೂ ತಬ್ಬಿ ಹಿಡಿಯುತ್ತದೆ. ಶೈತ್ಯವೇರಿದಂತೆ ಅವುಗಳ ಚಲನೆ ಮಂದವಾಗಿ ರಬ್ಬರು ಬಿರುಸಾಗುತ್ತದೆ. ಬೇಸಗೆಯ ಟೈರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಿಡಿತವನ್ನು ಕಳೆದುಕೊಳ್ಳತೊಡಗುತ್ತದೆ. ಚಳಿಗಾಲದ ಟೈರನ್ನು ಅದಕ್ಕಾಗಿಯೇ ಹೆಚ್ಚು ಮೆದುವಾದ ರಬ್ಬರಿನಿಂದ ಮಾಡಿ, ಮೇಲ್ಮೈಯಲ್ಲಿ ಹಿಮವನ್ನು ಕಚ್ಚುವ ನೂರಾರು ಸೂಕ್ಷ್ಮ ಸೀಳುಗಳನ್ನು ಕೊರೆಯುತ್ತಾರೆ. ಸರ್ವಋತು ಟೈರು ಇವೆರಡರ ನಡುವಣ ಒಡಂಬಡಿಕೆ. ಹಿಮದಲ್ಲಿ ನಿಜವಾಗಿ ಪರೀಕ್ಷಿಸಿದ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು, ಇಷ್ಟು ಗುರುತು ಇರುತ್ತದೆ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಡಿಸೆಂಬರಿನ ಮುಂಜಾವಿನಲ್ಲಿಯೂ ಉಷ್ಣತೆ 10 ಡಿಗ್ರಿಗಿಂತ ಇಳಿಯುವುದು ವಿರಳ. ಏಪ್ರಿಲ್ ಮೇ ತಿಂಗಳುಗಳಲ್ಲಿಯಾದರೋ 42 ಡಿಗ್ರಿಯನ್ನು ಮುಟ್ಟುವುದು ಯಾರಿಗೂ ಅಚ್ಚರಿಯಲ್ಲ. ಕರಿಯ ಡಾಂಬರು 60 ಡಿಗ್ರಿಯನ್ನು ಮೀರಿ ಕಾಯುತ್ತದೆ. ಹಿಮಕ್ಕೆಂದು ಮೆದುಮಾಡಿದ ರಬ್ಬರಿನ ಬಿಲ್ಲೆಗಳು ಈ ಕಾವಿನಲ್ಲಿ ಅತ್ತಿತ್ತ ನುಲಿದು ಬೇಗ ಸವೆಯುತ್ತವೆ. ಬ್ರೇಕು ಒತ್ತಿದಾಗ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಎಂದೂ ಬಾರದ ಅತಿಥಿಗಾಗಿ ಮನೆಯವರು ಉಪವಾಸವಿದ್ದಂತೆ ಇದು. ನಮ್ಮ ದೇಶದಲ್ಲಿ ಕಾರುಗಳಿಗೆ ಸಾಮಾನ್ಯವಾಗಿ ಮಾರುವ ಟೈರು ವಸ್ತುತಃ ಬೇಸಗೆಯ ಟೈರೇ. ಬೆಟ್ಟದ ಗುರುತಿಲ್ಲದೆ ಬಿಸಿಲು ಮಳೆಗಳಿಗೆ ಒಗ್ಗುತ್ತದೆಂಬ ಅರ್ಥದಲ್ಲಿ ಮಾತ್ರ ‘ಸರ್ವಋತು’ ಎಂದು ಕರೆದಿದ್ದರೆ, ಆ ಹೆಸರಿನಿಂದ ಹಾನಿಯೂ ಇಲ್ಲ, ಲಾಭವೂ ಇಲ್ಲ.

ಇಲ್ಲಿ ನಾವು ಅಂಜಬೇಕಾದ ಋತು ಬೇಸಗೆ. ಗಾಲಿ ಉರುಳುವಾಗ ಟೈರು ನೆಲ ಮುಟ್ಟಿದ ಕಡೆ ಚಪ್ಪಟೆಯಾಗಿ, ಮೇಲೆದ್ದೊಡನೆ ಮತ್ತೆ ದುಂಡಗಾಗುತ್ತದೆ. ಬಗ್ಗುವಾಗ ಹೀರಿದ ಶಕ್ತಿಯನ್ನೆಲ್ಲ ರಬ್ಬರು ಹಿಂದಿರುಗಿಸುವುದಿಲ್ಲ. ಒಂದು ಪಾಲು ಶಾಖವಾಗಿ ಅದರೊಳಗೇ ಉಳಿಯುತ್ತದೆ. 185/65 ಆರ್ 15 ಎಂಬ ಅಳತೆಯ ಟೈರಿನ ಸುತ್ತಳತೆ 195 ಸೆಂಟಿಮೀಟರು. ಆಳಂದದಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರು ಎಂದಿಟ್ಟುಕೊಂಡರೆ, ಟೈರಿನ ಪ್ರತಿಯೊಂದು ಭಾಗವೂ ಒಂದೇ ಪಯಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ಬಗ್ಗಿ ನೆಟ್ಟಗಾಗುತ್ತದೆ. ಗಾಳಿ ಕಡಿಮೆಯಿದ್ದರೆ ಬಗ್ಗುವಿಕೆ ಹೆಚ್ಚು, ಕಾವೂ ಹೆಚ್ಚು. ಕೊನೆಗೆ ಒಳಗಿನ ಪದರಗಳು ಒಂದನ್ನೊಂದು ಬಿಟ್ಟು ಟೈರು ಸಿಡಿಯುತ್ತದೆ. ಬೇಸಗೆಯಲ್ಲಿ ಟೈರು ಒಡೆಯುವುದು ಗಾಳಿ ಹೆಚ್ಚಾಗಿ ಎಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಬಹುಮಟ್ಟಿಗೆ ಅಪರಾಧಿ ಗಾಳಿಯ ಕೊರತೆ.

ಈ ನಂಬಿಕೆಯಿಂದ ಆಗುವ ಕೇಡನ್ನು ಲೆಕ್ಕದಿಂದ ತೋರಿಸಬಹುದು. ಬೆಳಗ್ಗೆ 25 ಡಿಗ್ರಿಯಲ್ಲಿ ಟೈರಿಗೆ 33 ಗಾಳಿ, ಎಂದರೆ ಚದರ ಅಂಗುಲಕ್ಕೆ 33 ಪೌಂಡು, ತುಂಬಿದ್ದೇವೆ. ಮಧ್ಯಾಹ್ನ ಓಡಿ ಓಡಿ ಒಳಗಿನ ಗಾಳಿ 65 ಡಿಗ್ರಿಗೆ ಕಾಯ್ದರೆ, ಅನಿಲಗಳ ನಿಯಮದಂತೆ ಮಾಪಕ 39ನ್ನು ತೋರಿಸುತ್ತದೆ. ಇದು ಸಹಜ, ಟೈರನ್ನು ಇದಕ್ಕೆಂದೇ ಕಟ್ಟಿರುತ್ತಾರೆ. ಹೆದರಿ ಗಾಳಿಯನ್ನು ಬಿಟ್ಟು 33ಕ್ಕೆ ಇಳಿಸಿದರೋ, ಮರುದಿನ ಬೆಳಗ್ಗೆ ತಣ್ಣಗಾದ ಟೈರಿನಲ್ಲಿ ಉಳಿಯುವುದು 27 ಮಾತ್ರ. ಆದಕಾರಣ ಗಾಳಿಯನ್ನು ನೋಡಬೇಕಾದುದು ಗಾಡಿ ಹೊರಡುವ ಮುನ್ನ, ನೆರಳಿನಲ್ಲಿ. ನೈಟ್ರೋಜನ್ ತುಂಬಿಸಿದರೆ ಒತ್ತಡ ಏರುವುದಿಲ್ಲವೆಂದು ಕೆಲವರು ಹೇಳುವುದುಂಟು. ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಅನಿಲಗಳ ನಿಯಮವೂ ಎರಡಕ್ಕೂ ಒಂದೇ.

ಮಳೆಗಾಲದಲ್ಲಿಯೂ ಇದೇ ಅಂಕಿಗಳು ಬೇರೊಂದು ರೂಪದಲ್ಲಿ ಎದುರಾಗುತ್ತವೆ. ರಸ್ತೆಯ ಮೇಲೆ ನಿಂತ ನೀರನ್ನು ಟೈರಿನ ಗೀರುಗಳು ಪಕ್ಕಕ್ಕೆ ಹರಿಸಬೇಕು. ಅವಕ್ಕೆ ಮೀರಿದ ನೀರು ಮುಂದೆ ರಾಶಿಯಾಗಿ ಟೈರನ್ನು ಎತ್ತಿಹಿಡಿಯುತ್ತದೆ. ಆಗ ಸ್ಟಿಯರಿಂಗು ಹಗುರವಾಗಿ, ಕಾರು ತೆಪ್ಪದಂತೆ ತೇಲುತ್ತದೆ. ಅಮೆರಿಕದ ನಾಸಾ ಸಂಸ್ಥೆ 1960ರ ದಶಕದಲ್ಲಿ ವಿಮಾನಗಳ ಗಾಲಿಗಳನ್ನು ಪರೀಕ್ಷಿಸಿ ಇದಕ್ಕೊಂದು ಸೂತ್ರವನ್ನು ಕೊಟ್ಟಿತು: ತೇಲುವ ವೇಗವು ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಅದರಂತೆ 33 ಗಾಳಿಯಿದ್ದ ಟೈರು ಗಂಟೆಗೆ ಸುಮಾರು 95 ಕಿಲೋಮೀಟರಿನಲ್ಲಿ ತೇಲಿದರೆ, 27 ಇರುವುದು 86ರಲ್ಲಿಯೇ ತೇಲುತ್ತದೆ. ಕಟ್ಟಿಸಂಗಾವಿಯ ಬಳಿ ಭೀಮೆಯನ್ನು ದಾಟಿ ಜೇವರ್ಗಿಯತ್ತ ಸಾಗುವ ಹೆದ್ದಾರಿಯಲ್ಲಿ ಇಂಥ ವೇಗ ಅಪರೂಪವಲ್ಲ. ಹೊಸ ಟೈರಿನ ಗೀರು 7–8 ಮಿಲಿಮೀಟರು ಆಳವಿರುತ್ತದೆ. ಸವೆದು 1.6 ಮಿಲಿಮೀಟರಿಗೆ ಬಂದಾಗ ಗೀರಿನ ತಳದಲ್ಲಿರುವ ಸಣ್ಣ ಉಬ್ಬುಗಳು ಮೇಲ್ಮೈಗೆ ಸಮನಾಗುತ್ತವೆ. ಅದು ಕಡೆಯ ಎಚ್ಚರಿಕೆ. ಮುಂಗಾರಿಗೆ ಮೊದಲೇ 3 ಮಿಲಿಮೀಟರಿನಲ್ಲಿ ಬದಲಾಯಿಸುವುದು ಜಾಣತನವೆಂದು ನಮ್ಮ ಅಭಿಪ್ರಾಯ.

ಇನ್ನು ಎರೆಮಣ್ಣಿನ ಮಾತು. ಬಸಾಲ್ಟು ಎಂಬ ಜ್ವಾಲಾಮುಖಿ ಶಿಲೆ ಶಿಥಿಲವಾಗಿ ಆದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ವರ್ಗದ ಜೇಡಿಯ ಕಣಗಳು ಹೇರಳ. ಪುಸ್ತಕದ ಹಾಳೆಗಳಂತಿರುವ ಅವುಗಳ ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ. ಬೇಸಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಿರಿಯುತ್ತದೆ. ಹೀಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಗುಣವೇ, 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಲಬುರಗಿಯ ತೊಗರಿಗೆ ಆಸರೆ. ಗಾಲಿಗೆ ಮಾತ್ರ ಅದೇ ವೈರಿ. ಒದ್ದೆ ಎರೆ ಟೈರಿನ ಗೀರುಗಳಲ್ಲಿ ಮೆತ್ತಿಕೊಂಡು, ನಾಲ್ಕು ಸುತ್ತಿನಲ್ಲಿ ಅದನ್ನು ನುಣ್ಣನೆಯ ಉರುಳೆಯನ್ನಾಗಿ ಮಾಡಿಬಿಡುತ್ತದೆ. ಹೊಲದಿಂದ ಬಂದ ಟ್ರ್ಯಾಕ್ಟರು ಡಾಂಬರಿನ ಮೇಲೆ ಉದುರಿಸಿದ ರಾಡಿಯ ಮೇಲೆ ತುಂತುರು ಬಿದ್ದರೂ ಸಾಕು, ಎಂಥ ಟೈರೂ ಜಾರುತ್ತದೆ.

ಆಲ್ ಸೀಸನ್ ಎಂಬುದನ್ನು ಆಲ್ ಟೆರೇನ್ ಎಂಬುದರೊಡನೆ ಬೆರೆಸುವವರು ಬಹಳ. ಮೊದಲನೆಯದು ಋತುವಿನ ಮಾತು, ಎರಡನೆಯದು ನೆಲದ್ದು. ನೆಲದ ಟೈರಿನಲ್ಲಿ ಬಿಲ್ಲೆಗಳು ದಪ್ಪ, ಎಡೆಗಳು ಅಗಲ. ಗಾಲಿ ರಭಸದಿಂದ ತಿರುಗಿದಾಗ ಕೆಸರು ಸಿಡಿದುಹೋಗಲೆಂದು ಈ ಏರ್ಪಾಡು. ಜಲ್ಲಿ, ಮರಳು, ಕೆಮ್ಮಣ್ಣುಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಅಂಟುವ ಎರೆಯಲ್ಲಿ ಅರ್ಧಂಬರ್ಧ. ಅದಕ್ಕೆ ತೆರಬೇಕಾದ ಬೆಲೆ ಡಾಂಬರಿನ ಮೇಲೆ ಹೆಚ್ಚು ಸದ್ದು, ಹೆಚ್ಚು ಇಂಧನ, ಒದ್ದೆಯಲ್ಲಿ ಉದ್ದದ ನಿಲುಗಡೆ. ದಿನವೂ ಹೊಲದ ಹಾದಿ ಹಿಡಿಯಬೇಕಾದ ಜೀಪಿಗೆ ಅದು ಸರಿ. ವರ್ಷದಲ್ಲಿ ಹತ್ತು ದಿನ ಮಾತ್ರ ಮಣ್ಣಿಗಿಳಿದು ಉಳಿದಂತೆ ಕಲಬುರಗಿ, ಗಾಣಗಾಪುರವೆಂದು ಡಾಂಬರಿನಲ್ಲೇ ಓಡುವ ಕಾರಿಗೆ, ಸುತ್ತಲೂ ಅಗಲವಾದ ನೇರ ಗೀರುಗಳಿರುವ ಸಾಧಾರಣ ಹೆದ್ದಾರಿ ಟೈರೇ ಲೇಸು. ಆ ಹತ್ತು ದಿನ ನೆಲ ಆರುವವರೆಗೆ ಕಾರನ್ನು ಊರಲ್ಲೇ ಬಿಡಬಹುದು. ಎತ್ತಿನ ಬಂಡಿಯವರೂ ಹಾಗೆಯೇ ಕಾಯುತ್ತಿದ್ದರು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಂಥ ವೇಳೆಯಲ್ಲಿ, ಹರಿಯುವ ನೀರಿಗೆ ಕಾರನ್ನು ಇಳಿಸುವವರಿಗೆ ಯಾವ ಟೈರೂ ರಕ್ಷೆಯಲ್ಲ.

ಅಂಗಡಿಯಲ್ಲಿ ಟೈರಿನ ಪಕ್ಕವನ್ನು ಓದಬೇಕು. ಅಳತೆಯ ಮುಂದೆ 88 ಎಚ್ ಎಂದಿದ್ದರೆ, ಆ ಟೈರು 560 ಕಿಲೋಗ್ರಾಂ ಭಾರವನ್ನು ಹೊರಬಲ್ಲದು, ಗಂಟೆಗೆ 210 ಕಿಲೋಮೀಟರು ವೇಗವನ್ನು ತಾಳಬಲ್ಲದು ಎಂದರ್ಥ. ಅಮೆರಿಕದ ಕ್ರಮದಂತೆ ಗುರುತು ಹಾಕಿದ ಟೈರುಗಳಲ್ಲಿ ‘ಟೆಂಪರೇಚರ್’ ಎಂಬ ಮಾತಿನ ಮುಂದೆ ಎ, ಬಿ, ಸಿ ಅಕ್ಷರಗಳಲ್ಲೊಂದು ಇರುತ್ತದೆ. ಕಾವನ್ನು ತಾಳುವುದರಲ್ಲಿ ಎ ಉತ್ತಮ. ನಮ್ಮ ನಾಡಿಗೆ ಋತುವಿನ ಹೆಸರಿಗಿಂತ ಈ ಒಂದಕ್ಷರವೇ ಹೆಚ್ಚು ಉಪಯುಕ್ತ. ತಯಾರಾದ ಕಾಲವನ್ನು ನಾಲ್ಕು ಅಂಕಿಗಳು ಹೇಳುತ್ತವೆ: 2324 ಎಂದರೆ 2024ರ 23ನೆಯ ವಾರ. ಬಿಸಿಲೂ ಗಾಳಿಯಲ್ಲಿನ ಓಜೋನೂ ಓಡದ ಟೈರನ್ನೂ ಮುಪ್ಪಾಗಿಸುತ್ತವೆ. ಸ್ಟೆಪ್ನಿಯ ಮೇಲಿನ ಅಂಕಿಗಳನ್ನು ಓದುವವರು ಕಡಿಮೆ. ಗೀರು ಹೊಸದಾಗಿಯೇ ಇದ್ದರೂ, ಡಿಕ್ಕಿಯ ಕಾವಿನಲ್ಲಿ ಹತ್ತು ಬೇಸಗೆ ಕಳೆದ ಸ್ಟೆಪ್ನಿಯನ್ನು ಹೆದ್ದಾರಿಗೆ ನಂಬಿ ಹಾಕುವಂತಿಲ್ಲ.