ಶಾಲೆಗೂ ಒಂದು ಪ್ರಗತಿ ಪತ್ರ

ಅಂಕಪಟ್ಟಿಗೆ ಅಪ್ಪನ ಸಹಿ ಹಾಕಿಸಲು ಹೆದರಿದ ದಿನಗಳು ನೆನಪಿವೆಯೇ? ಶಾಲೆಯೇ ತನಗೆ ಅಂಕ ಹಾಕಿಕೊಳ್ಳುವಂತಿದ್ದರೆ? 2015ರಲ್ಲಿ ಆರಂಭವಾದ ‘ಶಾಲಾ ಸಿದ್ಧಿ’ ಎಂಬ ರಾಷ್ಟ್ರೀಯ ಕಾರ್ಯಕ್ರಮ ಹೆಚ್ಚುಕಡಿಮೆ ಇದನ್ನೇ ಕೇಳುತ್ತದೆ. 7 ವಿಭಾಗ, 46 ಮಾನದಂಡ. ಪ್ರತಿಯೊಂದರಲ್ಲೂ ಮೂರು ಹಂತಗಳ ಪೈಕಿ ತಾವೆಲ್ಲಿದ್ದೇವೆಂದು ಶಿಕ್ಷಕರೇ ಕುಳಿತು ಗುರುತಿಸಬೇಕು, ಮುಂದೇನು ಮಾಡುತ್ತೇವೆಂದೂ ಬರೆಯಬೇಕು. ಹೊರಗಿನವರ ಪರಿಶೀಲನೆ ಆಮೇಲೆ.

ಗ್ರಂಥಾಲಯವೂ ಅದರಲ್ಲೊಂದು. ಇದೆಯೇ ಎಂದರೆ ಹೌದೆನ್ನುವುದು ಸುಲಭ. ಬೀರುವಿನ ಬೀಗದ ಕೈ ಯಾರ ಬಳಿಯಿದೆ, ಎರಡನೆಯ ತರಗತಿಯ ಮಗು ಕಳೆದ ವಾರ ಯಾವ ಪುಸ್ತಕ ಒಯ್ದಿತು? ಇಲ್ಲಿ ತಡವರಿಸಿ, ತಪ್ಪೊಪ್ಪಿಕೊಳ್ಳುವ ಶಾಲೆಯೇ ಸುಧಾರಿಸೀತು. ಎಲ್ಲಕ್ಕೂ ಮೇಲಿನ ಹಂತವನ್ನೇ ಬರೆದುಕೊಂಡರೆ (ನನ್ನ ಸಾರನ್ನು ನಾನೇ ಹೊಗಳಿಕೊಂಡಂತೆ!) ನಷ್ಟ ಮಗುವಿಗೆ.

ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ಪಾಠ ಹೇಳುವವರು ನೀವೇ ತಾನೆ? ಹೊಸ ಪುಟವೊಂದನ್ನು ತಾವಾಗಿ ಓದಬಲ್ಲ ಮಕ್ಕಳೆಷ್ಟು? ಬರುವ ವಾರ ಎಣಿಸಿ ಹೇಳಿ.